ಓದುಗರ ಪ್ರಶ್ನೆ: ಫಿರಂಗಿ ಮನೆಯಲ್ಲಿ ಬೆಳ್ಳಿ, ರೇಷ್ಮೆ

ಕಳೆದ ಸಂಚಿಕೆಯಲ್ಲಿ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ ಬಗ್ಗೆ ಬರೆಯುವಾಗ ಅಲ್ಲಿನ ಹಳೇ ಶಸ್ತ್ರಾಗಾರದ ಮಾತು ಬಂದಿತ್ತು. ಗೆಡಿಮಿನಾಸ್ ಗುಡ್ಡದ ಬುಡದಲ್ಲಿರುವ ಆ ಕಟ್ಟಡವನ್ನು ದುರಸ್ತಿ ಮಾಡಿ, ಅದರಲ್ಲಿ ಅನ್ವಯಿಕ ಕಲೆ ಮತ್ತು ವಿನ್ಯಾಸದ ಮ್ಯೂಸಿಯಂ ಇಟ್ಟಿದ್ದಾರೆ ಅಂತ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಆ ಪತ್ರಗಳಿಗೇ ಮೀಸಲು.

ಪ್ರಶ್ನೆ: ಯುದ್ಧದ ಸಾಮಾನು ಇಡಲು ಕಟ್ಟಿದ ಜಾಗದಲ್ಲಿ ತಟ್ಟೆ, ಬಟ್ಟೆ, ಕುರ್ಚಿ ಜೋಡಿಸೋದು ವಿಚಿತ್ರ ಅನಿಸುತ್ತೆ. ಅದಕ್ಕಂತಲೇ ಒಂದು ಹೊಸ ಕಟ್ಟಡ ಕಟ್ಟಬಹುದಿತ್ತಲ್ಲ?

ಕಟ್ಟಬಹುದಿತ್ತು. ಆದರೆ ಶಸ್ತ್ರಾಗಾರ ಅನ್ನೋದು ಹೇಗಿರುತ್ತದೆ ಅಂತ ಸ್ವಲ್ಪ ಯೋಚನೆ ಮಾಡಿ. ಫಿರಂಗಿಗಳನ್ನು ಗಾಡಿ ಸಮೇತ ಒಳಗೆ ತಳ್ಳಿಕೊಂಡು ಹೋಗಬೇಕು, ತಿರುಗಿಸಬೇಕು, ಸಾಲಾಗಿ ನಿಲ್ಲಿಸಬೇಕು. ಹಾಗಾಗಿ ನಡುವೆ ಅಡ್ಡಗೋಡೆಗಳು ಕಡಿಮೆ, ಬಾಗಿಲು ಅಗಲ. ಮೇಲಿನ ಅಂತಸ್ತಿನಲ್ಲಿ ಕೈಬಂದೂಕು, ಕವಚ, ಈಟಿಗಳ ರಾಶಿ, ಅದರ ಭಾರ ತಡೆಯೋ ಹಾಗೆ ತೊಲೆಗಳನ್ನು ಹಾಕಿರುತ್ತಾರೆ. ಕಳ್ಳರಿಗೂ ಬೆಂಕಿಗೂ ಹೆದರಿ ಗೋಡೆ ದಪ್ಪ, ಕಿಟಕಿ ಸಣ್ಣದು. ಈಗ ಒಂದು ಮ್ಯೂಸಿಯಂಗೆ ಏನೇನು ಬೇಕು ಅಂತ ಪಟ್ಟಿ ಮಾಡಿದರೆ ಹೆಚ್ಚುಕಡಿಮೆ ಇದೇ ಪಟ್ಟಿ ಬರುತ್ತದೆ. ಉದ್ದನೆಯ ಹಜಾರ, ಗಟ್ಟಿ ನೆಲ, ಭದ್ರತೆ, ಜಾಸ್ತಿ ಬಿಸಿಲು ಬೀಳದ ಕೋಣೆ. ದಪ್ಪ ಗೋಡೆಯ ಇನ್ನೊಂದು ಗುಣ ಏನಂದ್ರೆ, ಹೊರಗಿನ ಹವೆ ದಿಢೀರ್ ಅಂತ ಬದಲಾದರೂ ಒಳಗೆ ಬದಲಾವಣೆ ನಿಧಾನ. ಮರದ ಪೀಠೋಪಕರಣ, ದಂತ, ಹಳೇ ರೇಷ್ಮೆ ಇವುಗಳಿಗೆ ಬೇಕಾದದ್ದು ಈ ನಿಧಾನವೇ.

ಇದು ವಿಲ್ನಿಯಸ್‌ನವರೊಬ್ಬರ ಯೋಚನೆಯೂ ಅಲ್ಲ. ಬರ್ಲಿನ್‌ನಲ್ಲಿ 1695ರಲ್ಲಿ ಕೆಲಸ ಶುರುವಾದ ಶಸ್ತ್ರಾಗಾರ ಈಗ ಜರ್ಮನ್ ಇತಿಹಾಸದ ಮ್ಯೂಸಿಯಂ. ವೆನಿಸ್‌ನಲ್ಲಿ ಹಡಗಿನ ಹಗ್ಗ ಹೊಸೆಯುತ್ತಿದ್ದ, ಮುನ್ನೂರು ಮೀಟರಿಗೂ ಉದ್ದದ ಕೊಠಡಿಯಲ್ಲಿ ಬಿಯೆನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನ ನಡೆಯುತ್ತದೆ. ಕೀವ್‌ನ ಶಸ್ತ್ರಾಗಾರವೂ ಕಲಾಕೇಂದ್ರ. ಹಾಗಂತ ಕಷ್ಟ ಇಲ್ಲ ಅಂತಲ್ಲ. ವಿಲ್ನಿಯಸ್‌ನ ಶಸ್ತ್ರಾಗಾರಕ್ಕೆ ನೆರಿಸ್ ನದಿ ಪಕ್ಕದಲ್ಲೇ ಇದೆ, ನದಿ ಪಕ್ಕದ ಹಳೇ ಇಟ್ಟಿಗೆ ಕಟ್ಟಡ ಅಂದ್ರೆ ನೆಲದಿಂದ ತೇವ ಏರುವ ಚಿಂತೆ ತಪ್ಪಿದ್ದಲ್ಲ. ಹೊಸ ವೈರು, ಪೈಪು ಎಳೆಯಬೇಕಾದರೆ ಗೋಡೆಯನ್ನು ಬೇಕಾದ ಹಾಗೆ ಕೊರೆಯುವಂತಿಲ್ಲ. ಇಷ್ಟಿದ್ದರೂ ಖಾಲಿ ಬಿಟ್ಟು ಬೀಳಿಸುವುದಕ್ಕಿಂತ, ಜನ ಓಡಾಡುವ ಹಾಗೆ ಮಾಡಿ ಉಳಿಸಿಕೊಳ್ಳೋದೇ ಮೇಲು ಅಂತ ನನ್ನ ಅಭಿಪ್ರಾಯ. ಬಳಕೆ ಇರುವ ಕಟ್ಟಡದಲ್ಲಿ ಸೋರಿಕೆ ಆದರೆ ಆ ದಿನವೇ ಗೊತ್ತಾಗುತ್ತದೆ.

ಪ್ರಶ್ನೆ: ದೊಡ್ಡ ಚಿತ್ರಗಳಿಲ್ಲ, ಶಿಲ್ಪಗಳಿಲ್ಲ, ಮನೆ ಸಾಮಾನು ಮಾತ್ರ ಇರುವ ಮ್ಯೂಸಿಯಂಗೆ ಅಷ್ಟು ದೂರ ಯಾಕೆ ಹೋಗಬೇಕು ಸರ್? ಅಲಂಕಾರದ ವಸ್ತು ಅಂದ್ರೆ ಕಲೆಗಿಂತ ಒಂದು ಮೆಟ್ಟಿಲು ಕೆಳಗೆ ಅಲ್ವಾ?

ಈ ಮೆಟ್ಟಿಲು ಹಾಕಿದ್ದು ನಂತರದ ಕಾಲದವರು. ಆ ವಸ್ತುಗಳನ್ನು ಮಾಡಿಸಿಕೊಂಡವರ ಲೆಕ್ಕ ಬೇರೆಯೇ ಇತ್ತು. ವಿಲ್ನಿಯಸ್‌ನಲ್ಲಿ ಬಹಳ ಕಾಲ ಇದ್ದ ದೊರೆ ಸಿಗಿಸ್ಮಂಡ್ ಆಗಸ್ಟಸ್‌ನನ್ನೇ ನೋಡಿ. ಪೋಲೆಂಡಿನ ರಾಜ, ಲಿಥುವೇನಿಯಾದ ಮಹಾ ಡ್ಯೂಕ್, ಎರಡೂ ಅವನೇ. 16ನೇ ಶತಮಾನದ ನಡುವಿನಲ್ಲಿ ಅವನು ಬ್ರಸೆಲ್ಸ್‌ನ ನೇಕಾರರಿಂದ ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳನ್ನು ಮಾಡಿಸಿದ. ಉಣ್ಣೆ, ರೇಷ್ಮೆ, ಬೆಳ್ಳಿ ಮತ್ತು ಚಿನ್ನದ ಎಳೆ ಸೇರಿಸಿ ನೇಯ್ದ ಕಂಬಳಿಗಳು. ಇವತ್ತು ಉಳಿದಿರುವುದೇ 130ಕ್ಕೂ ಜಾಸ್ತಿ, ಬಹುಪಾಲು ಕ್ರಾಕೋವ್‌ನ ವಾವೆಲ್ ಕೋಟೆಯಲ್ಲಿವೆ. ಆಗಿನ ಅರಮನೆಗಳಲ್ಲಿ ಇಂಥ ಒಂದು ಗಂಬಳಿಗೆ ಕೊಡುತ್ತಿದ್ದ ಹಣದ ಮುಂದೆ ಒಂದು ವರ್ಣಚಿತ್ರದ ಬೆಲೆ ಏನೂ ಅಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಕ್ರಾಕೋವ್‌ನಿಂದ ಮೊದಲು ಹೊರಗೆ ಸಾಗಿಸಿದ ಸ್ವತ್ತಿನಲ್ಲಿ ಇವೂ ಇದ್ದವು. ಸುತ್ತಿ ಸುತ್ತಿ ಕೆನಡಾ ಸೇರಿ, 1961ರಲ್ಲಿ ವಾಪಸ್ ಬಂದವು.

ಇನ್ನು ನನ್ನ ಮಾತು ಹೇಳುತ್ತೇನೆ. ಚಿತ್ರದಲ್ಲಿ ದೊರೆ ತಾನು ಹೇಗೆ ಕಾಣಬೇಕು ಅಂತ ಬಯಸಿದನೋ ಹಾಗೆ ಕಾಣುತ್ತಾನೆ. ಅವನ ಮನೆಯ ಬೀಗ, ಬಟ್ಟಲು, ಪೆಟ್ಟಿಗೆ ನೋಡಿದರೆ ಅವನು ಹೇಗೆ ಬದುಕಿದ ಅಂತ ಗೊತ್ತಾಗುತ್ತದೆ. ಬಟ್ಟಲಿನ ಹಿಡಿ ಸವೆದಿದ್ದರೆ ಯಾವ ಕೈಯಲ್ಲಿ ಹಿಡಿಯುತ್ತಿದ್ದರು ಅಂತಲೂ ತಿಳಿಯುತ್ತದೆ. ಕುರ್ಚಿಯ ಮುಂಗಾಲು ತಿಂದುಹೋಗಿದ್ದರೆ ಯಾರೋ ವರ್ಷಾನುಗಟ್ಟಲೆ ಅದರ ಮೇಲೆ ಕಾಲಿಟ್ಟು ಕೂತಿದ್ದಾರೆ ಅಂತ ಅರ್ಥ. ಇದನ್ನು ಯಾವ ಚಿತ್ರಕಾರನೂ ಬರೆಯುವುದಿಲ್ಲ. ಹಾಗಾಗಿ ಮೆಟ್ಟಿಲ ಮಾತು ಬಿಟ್ಟುಬಿಡಿ, ಒಂದು ಸಲ ಹತ್ತಿರ ನಿಂತು ನೋಡಿ.

ಪ್ರಶ್ನೆ: ಒಂದು ಕಡೆ 16ನೇ ಶತಮಾನದ ಕಟ್ಟಡ ಅಂತೀರಿ, ಇನ್ನೊಂದು ಕಡೆ 1987ರಲ್ಲಿ ತೆರೆಯಿತು ಅಂತೀರಿ. ದುರಸ್ತಿ ಅಂದ್ರೆ ಹೊಸದಾಗಿ ಕಟ್ಟಿ ಹಳೇದು ಅಂತ ತೋರಿಸೋದಾ? (ಇತಿಹಾಸ ಪಾಠ ಮಾಡುವ ಮೇಷ್ಟ್ರೊಬ್ಬರ ಪತ್ರ)

ಮೇಷ್ಟ್ರೇ, ಈ ಅನುಮಾನ ಬರಲೇಬೇಕು, ಬಂದದ್ದು ಒಳ್ಳೇದಾಯಿತು. ವಿಲ್ನಿಯಸ್‌ನಲ್ಲಿ ಕೆಲವೇ ನಿಮಿಷದ ನಡಿಗೆಯಲ್ಲಿ ಎರಡು ಬೇರೆ ಬೇರೆ ಥರದ ಕೆಲಸ ನೋಡಲು ಸಿಗುತ್ತದೆ, ಅದನ್ನು ಇಟ್ಟುಕೊಂಡೇ ಉತ್ತರ ಕೊಡುತ್ತೇನೆ.

ಮೊದಲು ಶಸ್ತ್ರಾಗಾರ. ಗುಡ್ಡದ ಬುಡದಲ್ಲಿದ್ದ ಕೆಳಗಿನ ಕೋಟೆಯ ರಕ್ಷಣಾ ಗೋಡೆಗೆ ಅಂಟಿಕೊಂಡು ಬೆಳೆದ ಕಟ್ಟಡ ಇದು. 16ನೇ ಶತಮಾನದಲ್ಲಿ ಹಳೆಯ ಸಿಗಿಸ್ಮಂಡ್ ಮತ್ತು ಅವನ ಮಗ ಸಿಗಿಸ್ಮಂಡ್ ಆಗಸ್ಟಸ್ ಕಾಲದಲ್ಲಿ ದೊಡ್ಡದಾಯಿತು. ಆಗ ಊರಿನಲ್ಲೇ ಫಿರಂಗಿ ಎರಕ ಹೊಯ್ಯುವ ಜಾಗವೂ ಇತ್ತು. 1655ರಲ್ಲಿ ಮಾಸ್ಕೋದ ಸೈನ್ಯ ಊರಿಗೆ ನುಗ್ಗಿತು. 1661ರವರೆಗೂ ಕೋಟೆ ಅವರ ಕೈಯಲ್ಲೇ ಇತ್ತು. ಆ ಏಟಿನಿಂದ ಕೋಟೆ ಮತ್ತೆ ಮೊದಲಿನ ಸ್ಥಿತಿಗೆ ಬರಲೇ ಇಲ್ಲ. ಆಮೇಲೂ ಯುದ್ಧಗಳು ಬಂದವು, ಎರಡನೇ ಮಹಾಯುದ್ಧದಲ್ಲಿ ಮತ್ತೆ ಹಾನಿಯಾಯಿತು. 1980ರ ದಶಕದಲ್ಲಿ ದುರಸ್ತಿ ಮುಗಿಸಿ 1987ರಲ್ಲಿ ಮ್ಯೂಸಿಯಂ ತೆರೆದರು. ಇಲ್ಲಿ ಗೋಡೆಗಳ ಮೈ ಹಳೆಯದು, ಬಿದ್ದುಹೋದ ಕಡೆ ಹೊಸ ಕೆಲಸ. ಕೋಟೆಯ ಹಳೇ ರಕ್ಷಣಾ ಗೋಡೆಯ ತುಂಡುಗಳನ್ನು ಮುಚ್ಚದೆ ಕಟ್ಟಡದೊಳಗೇ ಕಾಣುವ ಹಾಗೆ ಬಿಟ್ಟಿದ್ದಾರೆ.

ಎರಡನೆಯದು ಪಕ್ಕದ ಮಹಾ ಡ್ಯೂಕರ ಅರಮನೆ. ಅದು 1801ರ ಹೊತ್ತಿಗೆ ಪೂರ್ತಿ ನೆಲಸಮ ಆಗಿತ್ತು. ಈಗ ನಿಂತಿರುವುದು 2002ರಿಂದ ಕಟ್ಟಿದ್ದು, ಜನರಿಗೆ ತೆರೆದದ್ದು 2013ರಲ್ಲಿ. ಕೆಳಗೆ ಅಗೆದಾಗ ಸಿಕ್ಕ ಅಡಿಪಾಯ ನಿಜವಾದದ್ದು, ಮೇಲಿನದು ನಮ್ಮ ಕಾಲದ್ದು. ಲಿಥುವೇನಿಯಾದವರಿಗೆ ಆ ಅರಮನೆ ಬೇಕಿತ್ತು, ಕಳೆದುಕೊಂಡ ರಾಜ್ಯದ ನೆನಪು ಅದು, ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಎರಡರಲ್ಲಿ ಯಾವುದರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತೀರಿ ಅಂದ್ರೆ, ಶಸ್ತ್ರಾಗಾರದ ಮುಂದೆ ಅಂತಲೇ ಹೇಳುತ್ತೇನೆ.

ಹಳೇ ಕಟ್ಟಡಗಳನ್ನು ಹೇಗೆ ಉಳಿಸಬೇಕು ಅಂತ ತಜ್ಞರು ಒಪ್ಪಿಕೊಂಡ 1964ರ ವೆನಿಸ್ ಸನ್ನದು ಇದಕ್ಕೊಂದು ಅಳತೆಗೋಲು ಕೊಟ್ಟಿದೆ. ಎಲ್ಲಿಂದ ಊಹೆ ಶುರುವಾಗುತ್ತದೋ ಅಲ್ಲಿಗೆ ದುರಸ್ತಿ ನಿಲ್ಲಬೇಕು ಅನ್ನುತ್ತದೆ ಅದು. ಬಿದ್ದ ಭಾಗವನ್ನು ತುಂಬಿಸಿದರೆ ಒಟ್ಟು ನೋಟಕ್ಕೆ ಹೊಂದಬೇಕು, ಆದರೆ ಹತ್ತಿರದಿಂದ ನೋಡಿದರೆ ಹೊಸದು ಯಾವುದು ಅಂತ ತಿಳಿಯಬೇಕು. ನೀವು ಮಕ್ಕಳಿಗೆ ಹೇಳುವುದಾದರೆ ಇಟ್ಟಿಗೆಯಿಂದ ಶುರು ಮಾಡಿ. ಲಿಥುವೇನಿಯಾದ ಆ ಕಾಲದ ಇಟ್ಟಿಗೆ ಈಗಿನದಕ್ಕಿಂತ ದೊಡ್ಡದು, ಭಾರ. ಅಚ್ಚಿನಿಂದ ತೆಗೆಯುವ ಮೊದಲು ಹಸಿ ಮಣ್ಣಿನ ಮೇಲೆ ಕೆಲಸಗಾರ ಬೆರಳಿನಿಂದ ಉದ್ದಕ್ಕೆ ಎಳೆದು ಗೀರು ಹಾಕುತ್ತಿದ್ದ. ಸುಟ್ಟ ಮೇಲೂ ಆ ಬೆರಳಿನ ಗೆರೆಗಳು ಹಾಗೇ ಉಳಿಯುತ್ತವೆ. ಅಂಥ ಇಟ್ಟಿಗೆ ಕಣ್ಣಿಗೆ ಬಿದ್ದರೆ ಹಳೆಯ ಕೆಲಸಗಾರನ ಕೈಯೇ ಅಲ್ಲಿದೆ ಅಂತ ಲೆಕ್ಕ. ಇನ್ನೊಂದು ಗಮನಿಸಬೇಕಾದದ್ದು ಗಾರೆ. ಹಳೇ ಇಟ್ಟಿಗೆಗೆ ಸುಣ್ಣದ ಗಾರೆಯೇ ಸರಿ. ಸಿಮೆಂಟ್ ಹಾಕಿದರೆ ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಇಟ್ಟಿಗೆಯ ಮೂಲಕವೇ ಹೊರಬರುತ್ತದೆ. ಅದರ ಜೊತೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈ ಪುಡಿಪುಡಿ ಆಗುತ್ತದೆ. ಸಿಮೆಂಟ್ ಗಟ್ಟಿ ಇರುತ್ತದೆ, ನಾನೂರು ವರ್ಷ ಬಾಳಿದ ಇಟ್ಟಿಗೆ ಉದುರಿಹೋಗಿರುತ್ತದೆ. ಇದು ಯಾವ ದೇಶದ ಹಳೇ ಕಟ್ಟಡಕ್ಕೂ ಸಲ್ಲುವ ಮಾತು, ದುರಸ್ತಿಗೆ ಕೈಹಾಕುವವರು ಮೊದಲು ತಿಳಿದಿರಬೇಕಾದ್ದು.

ಪ್ರಶ್ನೆ: ಈ ಮ್ಯೂಸಿಯಂಗೂ ಗೋಡೆಯಲ್ಲಿ ಬಚ್ಚಿಟ್ಟಿದ್ದ ಯಾವುದೋ ನಿಧಿಗೂ ಸಂಬಂಧ ಇದೆ ಅಂತ ಎಲ್ಲೋ ಓದಿದ್ದೆ. ನಿಜವೇ?

ನಿಜ. ಈ ಕತೆಯನ್ನು ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ.

ವಿಲ್ನಿಯಸ್‌ನ ಮುಖ್ಯ ಚರ್ಚು, ಅಂದ್ರೆ ಕೆಥೆಡ್ರಲ್, ಶಸ್ತ್ರಾಗಾರದಿಂದ ಕೂಗಳತೆಯಲ್ಲಿದೆ. ಅದರ ಬೊಕ್ಕಸದಲ್ಲಿ ಶತಮಾನಗಳಿಂದ ಬಂದ ಬೆಳ್ಳಿ, ಬಂಗಾರದ ಪೂಜಾ ಪಾತ್ರೆಗಳಿದ್ದವು. 1939ರಲ್ಲಿ ಯುದ್ಧ ಬಂತು. ಅವನ್ನೆಲ್ಲ ಚರ್ಚಿನ ಗೋಡೆಯೊಳಗೆ ಇಟ್ಟು, ಮೇಲೆ ಗೋಡೆ ಕಟ್ಟಿ ಮುಚ್ಚಿಬಿಟ್ಟರು. ಆಮೇಲೆ ಸೋವಿಯತ್ ಆಳ್ವಿಕೆ ಬಂತು, ಚರ್ಚನ್ನು ಮುಚ್ಚಿದರು, 1956ರಲ್ಲಿ ಅದನ್ನೇ ಚಿತ್ರ ಗ್ಯಾಲರಿ ಮಾಡಿದರು. ಆ ಗ್ಯಾಲರಿ ನಡೆಸುತ್ತಿದ್ದದ್ದು ಲಿಥುವೇನಿಯಾದ ಕಲಾ ಮ್ಯೂಸಿಯಂ. ನಮ್ಮ ಶಸ್ತ್ರಾಗಾರದ ಮ್ಯೂಸಿಯಂ ಕೂಡ ಅದರದ್ದೇ ಒಂದು ಶಾಖೆ.

1985ರಲ್ಲಿ ಗೋಡೆಯೊಳಗಿನ ನಿಧಿ ಸಿಕ್ಕಿತು. ಅದನ್ನು ಕಂಡವರು ಏನು ಮಾಡಿದರು ಗೊತ್ತಾ? ಸುಮ್ನಿದ್ದರು. ಹೇಳಿದರೆ ಮಾಸ್ಕೋಗೆ ಹೊರಟುಹೋಗುತ್ತದೆ ಅನ್ನೋ ಭಯ. ಆಗ ಕಲಾ ಮ್ಯೂಸಿಯಂನ ನಿರ್ದೇಶಕರಾಗಿದ್ದವರು ರೊಮುಆಲ್ಡಾಸ್ ಬುಡ್ರಿಸ್. ಅವರೂ ವಿಷಯ ಗೊತ್ತಿದ್ದ ಕೆಲವೇ ಜನರೂ ಬಾಯಿ ಬಿಡಲಿಲ್ಲ. 1990ರಲ್ಲಿ ದೇಶ ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲೂ ಅವಸರ ಮಾಡಲಿಲ್ಲ. ಬಹಿರಂಗ ಮಾಡಿದ್ದು 1998ರಲ್ಲಿ. ಹದಿಮೂರು ವರ್ಷ ಒಂದು ಗುಟ್ಟನ್ನು ಅದೂ ಬಂಗಾರದ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದು ಸಣ್ಣ ಮಾತಲ್ಲ. ಮ್ಯೂಸಿಯಂ ನೌಕರರ ಕೆಲಸ ಅಂದ್ರೆ ಟಿಕೆಟ್ ಹರಿಯೋದು, ಧೂಳು ಹೊಡೆಯೋದು ಅಂದುಕೊಂಡವರಿಗೆ ನಾನು ಈ ಕತೆ ಹೇಳುತ್ತೇನೆ.

ಜನ ಅದನ್ನು ಮೊದಲ ಸಲ ನೋಡಿದ್ದು ಶಸ್ತ್ರಾಗಾರದಲ್ಲೇ. 1999ರ ಕೊನೆಯಲ್ಲಿ ‘ಲಿಥುವೇನಿಯಾದ ಕಲೆಯಲ್ಲಿ ಕ್ರೈಸ್ತಧರ್ಮ’ ಅನ್ನುವ ದೊಡ್ಡ ಪ್ರದರ್ಶನ ಅಲ್ಲಿ ಶುರುವಾಗಿ 2003ರವರೆಗೆ ನಡೆಯಿತು. ಕೆಥೆಡ್ರಲ್ ನಿಧಿ ಅದರ ಜೀವಾಳ. ಈಗ ಆ ನಿಧಿ ಸಂತ ಮೈಕೇಲರ ಹಳೇ ಚರ್ಚಿನಲ್ಲಿ 2009ರಲ್ಲಿ ತೆರೆದ ಚರ್ಚ್ ಪರಂಪರೆಯ ಮ್ಯೂಸಿಯಂನಲ್ಲಿದೆ.

ಅದರಲ್ಲಿ ಒಂದು ವಸ್ತುವನ್ನು ಹತ್ತಿರದಿಂದ ನೋಡಲೇಬೇಕು. ಗೊಷ್ಟೌಟಾಸ್ ಮನೆತನದವರು 16ನೇ ಶತಮಾನದಲ್ಲಿ ಕೊಟ್ಟ ಮಾನ್‌ಸ್ಟ್ರನ್ಸ್. ಪೂಜೆಯ ಪವಿತ್ರ ರೊಟ್ಟಿಯನ್ನು ಭಕ್ತರಿಗೆ ಕಾಣುವ ಹಾಗೆ ಗಾಜಿನ ಹಿಂದೆ ಇಟ್ಟು ಎತ್ತಿ ತೋರಿಸುವ ಪಾತ್ರೆ ಅದು. ಬೆಳ್ಳಿಯಲ್ಲಿ ಮಾಡಿ ಚಿನ್ನದ ಲೇಪ ಕೊಟ್ಟಿದ್ದಾರೆ. ಕೆಳಗೆ ಹಿಡಿದುಕೊಳ್ಳಲು ಕಾಂಡ, ಮೇಲೆ ಹೋಗ್ತಾ ಹೋಗ್ತಾ ಪೂರಾ ಒಂದು ಗಾಥಿಕ್ ಚರ್ಚಿನ ಗೋಪುರ. ಸಣ್ಣ ಸಣ್ಣ ಕಂಬ, ಕಮಾನು, ಅವುಗಳ ನಡುವೆ ಬೆರಳುಗಾತ್ರದ ಮೂರ್ತಿಗಳು. ಆ ಕಾಲದಲ್ಲಿ ಚಿನ್ನದ ಲೇಪ ಕೊಡುತ್ತಿದ್ದದ್ದು ಪಾದರಸದಿಂದ. ಚಿನ್ನವನ್ನು ಪಾದರಸದಲ್ಲಿ ಕಲಸಿ, ಬೆಣ್ಣೆಯ ಹದಕ್ಕೆ ತಂದು, ಬೆಳ್ಳಿಗೆ ಸವರಿ ಕೆಂಡದ ಮೇಲೆ ಹಿಡಿಯುತ್ತಿದ್ದರು. ಪಾದರಸ ಹೊಗೆಯಾಗಿ ಹೋಗುತ್ತಿತ್ತು, ಚಿನ್ನ ಬೆಳ್ಳಿಗೆ ಕಚ್ಚಿಕೊಳ್ಳುತ್ತಿತ್ತು. ಆ ಹೊಗೆ ಕುಡಿದ ಅಕ್ಕಸಾಲಿಗರ ಆಯಸ್ಸು ಹೇಗಿರುತ್ತಿತ್ತು ಅಂತ ನೀವೇ ಊಹಿಸಿ.

ಕೆಥೆಡ್ರಲ್ ಗೋಡೆಗಳು ಇಷ್ಟಕ್ಕೇ ಬರಿದಾಗಲಿಲ್ಲ. 1931ರಲ್ಲಿ ಪ್ರವಾಹ ಬಂದ ಮೇಲೆ ಅಲ್ಲಿ ರಾಜಮನೆತನದ ಸಮಾಧಿಗಳು ಪತ್ತೆಯಾಗಿದ್ದವು. ದೊರೆ ಅಲೆಕ್ಸಾಂಡರ್, ಸಿಗಿಸ್ಮಂಡ್ ಆಗಸ್ಟಸ್‌ನ ರಾಣಿಯರಾದ ಎಲಿಜಬೆತ್ ಮತ್ತು ಬಾರ್ಬರಾ ರಾಡ್ವಿಲಾ ಇವರ ಸಮಾಧಿಗಳು. ಅವರೊಡನೆ ಸಿಕ್ಕ ಕಿರೀಟಗಳನ್ನೂ 1939ರಲ್ಲಿ ಬಚ್ಚಿಟ್ಟಿದ್ದರು, ಆಮೇಲೆ ಎಲ್ಲಿವೆ ಅಂತ ಪತ್ತೆ ಇರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಚರ್ಚಿನ ನೆಲಮಾಳಿಗೆಯಲ್ಲೇ ಸಿಕ್ಕವು. ಇವು ಹೂಳುವಾಗ ಇಡಲು ಅಂತಲೇ ಮಾಡಿಸಿದ ಕಿರೀಟಗಳು, ಬದುಕಿದ್ದಾಗ ತೊಟ್ಟವಲ್ಲ.

ಪ್ರಶ್ನೆ: ಇಂಥ ಮ್ಯೂಸಿಯಂಗಳಲ್ಲಿ ಬಟ್ಟೆ ಇರುವ ಕೋಣೆಗಳಲ್ಲಿ ಅಷ್ಟು ಕತ್ತಲೆ ಯಾಕೆ? ಕಣ್ಣು ಕಿರಿದು ಮಾಡಿಕೊಂಡು ನೋಡಬೇಕು. ದುಡ್ಡು ಕೊಟ್ಟು ಹೋದವರಿಗೆ ಇದು ಅನ್ಯಾಯ.

ನಿಮ್ಮ ಸಿಟ್ಟು ಸರಿ, ಆದರೆ ಕತ್ತಲೆಯೂ ಸರಿ. ಬೆಳಕು ಬಣ್ಣವನ್ನು ತಿನ್ನುತ್ತದೆ. ರೇಷ್ಮೆಯ ಎಳೆಯನ್ನೇ ಒಡೆಯುತ್ತದೆ. ಹಾಗೆ ಹೋದದ್ದು ವಾಪಸ್ ಬರುವುದಿಲ್ಲ, ಕತ್ತಲೆಯಲ್ಲಿಟ್ಟರೂ ಗುಣವಾಗುವುದಿಲ್ಲ. ಅದಕ್ಕೇ ಬಟ್ಟೆ, ಕಾಗದಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಅಂದ್ರೆ ಬೆಳಕಿನ ಅಳತೆ) ಬೆಳಕು ಸಾಕು ಅಂತ ಮ್ಯೂಸಿಯಂಗಳು ಇಟ್ಟುಕೊಂಡಿವೆ. ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಇರುತ್ತದೆ, ಹೋಲಿಸಿ ನೋಡಿ. ಕೆಲವು ತಿಂಗಳು ತೋರಿಸಿದ ಬಟ್ಟೆಯನ್ನು ಒಳಗಿಟ್ಟು ಬೇರೆಯದನ್ನು ತರುತ್ತಾರೆ. ಗಾಜು, ಪಿಂಗಾಣಿ, ಬೆಳ್ಳಿಗೆ ಈ ತೊಂದರೆ ಇಲ್ಲ, ಅವಿರುವ ಕೋಣೆ ಬೆಳಗಿರುತ್ತದೆ. ಬಟ್ಟೆಯ ಕೋಣೆಗೆ ಹೋದ ಕೂಡಲೇ ನೋಡಲು ಶುರು ಮಾಡಬೇಡಿ. ಐದಾರು ನಿಮಿಷ ಸುಮ್ನೆ ನಿಂತುಕೊಳ್ಳಿ, ಕಣ್ಣು ಒಗ್ಗಿಕೊಳ್ಳುತ್ತದೆ, ಕಾಣದ ಬಣ್ಣಗಳು ಕಾಣಲು ಶುರುವಾಗುತ್ತವೆ.

ಪ್ರಶ್ನೆ: ಮ್ಯೂಸಿಯಂನಲ್ಲಿರೋ ಹಳೇ ಬೆಳ್ಳಿ ಒಂದೊಂದು ಕಡೆ ಕಪ್ಪಾಗಿರುತ್ತದೆ. ತಿಕ್ಕಿ ಹೊಳಪು ಮಾಡೋಕೆ ಅವರಿಗೆ ಏನು ಕಷ್ಟ?

ತಿಕ್ಕಿದಾಗಲೆಲ್ಲ ಸ್ವಲ್ಪ ಬೆಳ್ಳಿ ಹೋಗುತ್ತದೆ, ಅದೇ ಕಷ್ಟ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ಸೇರಿ ಕಪ್ಪಾಗುತ್ತದೆ. ಆ ಕಪ್ಪು ಕೂಡ ಮೊದಲು ಬೆಳ್ಳಿಯೇ ಆಗಿತ್ತು. ನೂರು ಸಲ ತಿಕ್ಕಿದ ಬಟ್ಟಲಿನಲ್ಲಿ ಕೆತ್ತನೆ ಮಸುಕಾಗುತ್ತದೆ, ಮಾಡಿದವನ ಮುದ್ರೆ ಅಳಿಸಿಹೋಗುತ್ತದೆ. ಮುದ್ರೆ ಹೋದರೆ ಯಾವ ಊರಿನದು, ಯಾರ ಕೈಯದು ಅಂತ ಹೇಳೋದೇ ಕಷ್ಟ. ಚಿನ್ನದ ಲೇಪ ಇದ್ದರಂತೂ ಇನ್ನೂ ಹುಷಾರು. ಅದಕ್ಕೆ ಕಪ್ಪಾಗದ ಹಾಗೆ ನೋಡಿಕೊಳ್ಳುವುದೇ ಅವರ ದಾರಿ. ಗಾಳಿ ಆಡದ ಗಾಜಿನ ಪೆಟ್ಟಿಗೆ, ಒಳಗೆ ಉಣ್ಣೆಯ ಹಾಸು ಇಲ್ಲ, ರಬ್ಬರ್ ಇಲ್ಲ, ಏಕೆಂದರೆ ಅವುಗಳಿಂದಲೂ ಗಂಧಕ ಬರುತ್ತದೆ. ಮುಟ್ಟುವಾಗ ಕೈಗವಸು.

ಪ್ರಶ್ನೆ: ನಾನು ಜವಳಿ ವಿನ್ಯಾಸ ಓದುತ್ತಿದ್ದೇನೆ. ಆ ಭಾಗದ ಒಂದೇ ಒಂದು ಬಟ್ಟೆಯನ್ನು ಪೂರ್ತಿ ತಿಳಿದುಕೊಳ್ಳಬೇಕು ಅಂದ್ರೆ ಯಾವುದನ್ನು ಆರಿಸಿಕೊಳ್ಳಲಿ?

ಸ್ಲುತ್ಸ್ಕ್ ನಡುಪಟ್ಟಿ. ಎರಡು ಮಾತಿಲ್ಲ.

18ನೇ ಶತಮಾನದಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾದ ಶ್ರೀಮಂತರು ಕೊಂತುಶ್ ಅನ್ನುವ ಉದ್ದನೆಯ ನಿಲುವಂಗಿ ತೊಟ್ಟು, ಅದರ ಮೇಲೆ ಸೊಂಟಕ್ಕೆ ರೇಷ್ಮೆಯ ಅಗಲ ಪಟ್ಟಿ ಸುತ್ತುತ್ತಿದ್ದರು. ಮೊದಮೊದಲು ಇವು ಬರುತ್ತಿದ್ದದ್ದು ಪರ್ಷಿಯಾದಿಂದ, ಟರ್ಕಿಯಿಂದ. ಬೇಡಿಕೆ ಏರಿದ ಹಾಗೆ ಊರಲ್ಲೇ ನೇಯಿಸೋಣ ಅಂತ ಲಿಥುವೇನಿಯಾದ ರಾಡ್ವಿಲಾ ದೊರೆಗಳು ತಮ್ಮ ಸ್ಲುತ್ಸ್ಕ್ ಊರಿನಲ್ಲಿ ಮಗ್ಗ ಹಾಕಿಸಿದರು. ಆ ಊರು ಈಗ ಬೆಲಾರುಸ್‌ನಲ್ಲಿದೆ. ಕೆಲಸ ಕಲಿಸಿ ನಡೆಸಲು ಇಸ್ತಾಂಬುಲ್ ಕಡೆಯ ಅರ್ಮೇನಿಯನ್ ಕಸುಬುದಾರ ಯಾನ್ ಮಜಾರ್ಸ್ಕಿಯನ್ನು ಕರೆತಂದರು. ಸ್ಲುತ್ಸ್ಕ್ ಹೆಸರು ಎಷ್ಟು ಬೆಳೆಯಿತು ಅಂದ್ರೆ, ಬೇರೆ ಊರಲ್ಲಿ ನೇಯ್ದ ಪಟ್ಟಿಯನ್ನೂ ಜನ ಸ್ಲುತ್ಸ್ಕ್ ಅಂತಲೇ ಕರೆಯತೊಡಗಿದರು.

ಈಗ ಪಟ್ಟಿಯನ್ನೇ ನೋಡಿ. ಉದ್ದ ಮೂರು ನಾಲ್ಕು ಮೀಟರ್. ಅಗಲವನ್ನು ನಡುವಿಗೆ ಮಡಚಿ ಸುತ್ತುತ್ತಾರೆ. ಒಳ್ಳೇ ಪಟ್ಟಿಯಲ್ಲಿ ಮಡಿಕೆಯ ಈ ಅರ್ಧ ಒಂದು ಬಣ್ಣ, ಆ ಅರ್ಧ ಇನ್ನೊಂದು ಬಣ್ಣ. ಹಿಂಬದಿ ತಿರುಗಿಸಿದರೆ ಅಲ್ಲೂ ಎರಡು ಬಣ್ಣ. ಅಂದ್ರೆ ಒಂದೇ ಪಟ್ಟಿಗೆ ನಾಲ್ಕು ಮುಖ. ಹಬ್ಬಕ್ಕೆ ಬಂಗಾರದ ಮುಖ, ಸಾವಿನ ಮನೆಗೆ ಕಪ್ಪು ಮುಖ, ಹೀಗೆ ಸಂದರ್ಭ ನೋಡಿ ಮಡಿಕೆ ಬದಲಿಸಿಕೊಳ್ಳಬಹುದಿತ್ತು. ಇದನ್ನು ನೇಯಬೇಕಾದರೆ ಬಟ್ಟೆಗೆ ಹಿಂಬದಿ ಅನ್ನೋದೇ ಇರಬಾರದು, ಎಳೆಗಳು ಎಲ್ಲೂ ಜೋಲಬಾರದು. ಚಿನ್ನ ಬೆಳ್ಳಿಯ ಜರಿ ಸೇರಿದಾಗ ಪಟ್ಟಿ ಬಿರುಸಾಗುತ್ತದೆ, ಅದಕ್ಕೇ ನೇಯ್ದ ಮೇಲೆ ಉರುಳೆಯ ನಡುವೆ ಒತ್ತಿ ತೆಗೆಯುತ್ತಿದ್ದರು. ಆಗ ಜರಿ ಚಪ್ಪಟೆಯಾಗಿ ಇಡೀ ಪಟ್ಟಿ ಲೋಹದ ತಗಡಿನ ಹಾಗೆ ಹೊಳೆಯುತ್ತಿತ್ತು. ಎರಡೂ ತುದಿಯಲ್ಲಿ ದೊಡ್ಡ ಹೂಗೊಂಚಲು, ನಡುವೆ ಅಡ್ಡಪಟ್ಟೆಗಳು, ಮೂಲೆಯಲ್ಲಿ ನೇಯ್ಗೆಯಲ್ಲೇ ಊರಿನ ಹೆಸರು. ಆ ಹೂಗಳ ಮೂಲ ಪರ್ಷಿಯಾದ್ದು, ನಿಂತು ನೋಡಿದರೆ ಹೂ ಸ್ಲುತ್ಸ್ಕ್ ತಲುಪುವಷ್ಟರಲ್ಲಿ ಹೇಗೆ ಬದಲಾಗಿದೆ ಅಂತ ಹಿಡಿಯಬಹುದು. ನಿಮ್ಮ ಪಾಠಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ತೋಚುತ್ತಿಲ್ಲ.

ಪಟ್ಟಿಗಳ ಮುಂದಿನ ಗತಿ ಇನ್ನೂ ಮನಸ್ಸಿಗೆ ತಟ್ಟುವಂಥದ್ದು. ರಾಜ್ಯ ಹರಿದು ಹಂಚಿಹೋಯಿತು, ರಷ್ಯಾದ ದೊರೆ ತ್ಸಾರ್‌ನ ಆಳ್ವಿಕೆ ಬಂತು, ಹಳೇ ಉಡುಗೆಗೆ ಕಾಲ ಮುಗಿಯಿತು. ಮನೆಯವರು ಪಟ್ಟಿಗಳನ್ನು ಚರ್ಚಿಗೆ ಕೊಟ್ಟರು. ಚರ್ಚಿನವರು ಅವನ್ನು ಕತ್ತರಿಸಿ, ಪಕ್ಕಪಕ್ಕ ಜೋಡಿಸಿ, ಪಾದ್ರಿಗಳು ಪೂಜೆಗೆ ತೊಡುವ ಮೇಲಂಗಿ ಹೊಲಿದರು. ಹಾಗಾಗಿ ಅಲ್ಲಿನ ಚರ್ಚ್ ಬಟ್ಟೆಗಳ ಸಂಗ್ರಹ ನೋಡುವಾಗ ಮೇಲಂಗಿಯ ನಡುವಿನ ಪಟ್ಟೆಯನ್ನೋ ಅಂಚನ್ನೋ ಗಮನಿಸಿ. ಅಡ್ಡ ಬರಬೇಕಾದ ಪಟ್ಟೆ ಉದ್ದಕ್ಕೆ ಬಂದಿದ್ದರೆ, ಹೂಗೊಂಚಲು ಅರ್ಧಕ್ಕೆ ಕತ್ತರಿಸಿದ್ದರೆ, ಅದು ಒಂದು ಕಾಲದಲ್ಲಿ ಯಾರದೋ ಸೊಂಟದಲ್ಲಿ ಇದ್ದದ್ದು. ಕತ್ತರಿಸಿದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ಕತ್ತರಿಸದೆ ಮನೆಯಲ್ಲೇ ಉಳಿದ ಎಷ್ಟೋ ಪಟ್ಟಿಗಳನ್ನು ಜರಿಗಾಗಿ ಸುಟ್ಟು ಬೆಳ್ಳಿ ತೆಗೆದುಕೊಂಡಿದ್ದಾರೆ. ಚರ್ಚಿಗೆ ಹೋದದ್ದು ಉಳಿಯಿತು.

ಪ್ರಶ್ನೆ: ಶಸ್ತ್ರಾಗಾರದಲ್ಲಿ ಫ್ಯಾಷನ್ ಶೋ ಥರ ಗೌನುಗಳನ್ನು ಜೋಡಿಸಿದ ಫೋಟೋ ನೋಡಿದೆ. ಮ್ಯೂಸಿಯಂಗೆ ಇದು ಶೋಭೆಯೇ?

ಶೋಭೆಯೇ. ಅವು ಬಹುಶಃ ಅಲೆಕ್ಸಾಂಡರ್ ವಸಿಲಿಯೆವ್ ಅನ್ನುವ ಫ್ಯಾಷನ್ ಇತಿಹಾಸಕಾರರ ಸಂಗ್ರಹದ ಪ್ರದರ್ಶನಗಳ ಚಿತ್ರಗಳು. ಅವರ ಸಂಗ್ರಹದ ಉಡುಪುಗಳನ್ನು ಅಲ್ಲಿ ಹಲವು ಸಲ ತೋರಿಸಿದ್ದಾರೆ, ಜನ ಮುಗಿಬಿದ್ದು ನೋಡಿದ್ದಾರೆ. ಪಾದ್ರಿಯ ಮೇಲಂಗಿ ಕಲೆ ಆಗುವುದಾದರೆ 1920ರ ದಶಕದ ಮಣಿ ಹೊಲಿದ ಗೌನು ಯಾಕಾಗಬಾರದು? ಎರಡರ ಹಿಂದೆಯೂ ಸೂಜಿ ಹಿಡಿದು ಕೂತವರು ಇದ್ದಾರೆ, ಎರಡನೆಯದರಲ್ಲಿ ಬಹುಪಾಲು ಹೆಂಗಸರು, ಅವರ ಹೆಸರು ಎಲ್ಲೂ ಬರೆದಿಟ್ಟಿಲ್ಲ. ಅವರ ಕೆಲಸವನ್ನಾದರೂ ನೋಡೋಣ.

ಪ್ರಶ್ನೆ: ಮಗಳು ಕೆಲಸದ ಮೇಲೆ ವಿಲ್ನಿಯಸ್‌ಗೆ ಹೋಗುತ್ತಿದ್ದಾಳೆ, ನಾವಿಬ್ಬರೂ ಜೊತೆಗೆ ಹೋಗುತ್ತಿದ್ದೇವೆ. ನನಗೆ ಅರವತ್ತು ದಾಟಿದೆ, ಜಾಸ್ತಿ ನಡೆಯೋಕಾಗಲ್ಲ. ಒಂದೇ ದಿನದಲ್ಲಿ ಹೇಗೆ ನೋಡಲಿ?

ಬಹಳ ಒಳ್ಳೇದಮ್ಮ, ಹೋಗಿ ಬನ್ನಿ. ನೋಡಬೇಕಾದ್ದೆಲ್ಲ ಹತ್ತಿರ ಹತ್ತಿರವೇ ಇದೆ. ಕೆಥೆಡ್ರಲ್ ಚೌಕದಿಂದ ಶಸ್ತ್ರಾಗಾರಕ್ಕೆ ಸಮತಟ್ಟು ದಾರಿ, ಕೆಲವೇ ನಿಮಿಷ. ಅಲ್ಲೊಂದು ಗೊಂದಲ ಆಗುವ ಸಾಧ್ಯತೆ ಇದೆ, ಮೊದಲೇ ಹೇಳಿಬಿಡುತ್ತೇನೆ. ಶಸ್ತ್ರಾಗಾರಗಳು ಎರಡಿವೆ. ದೊರೆ ಮಿಂಡೌಗಾಸ್‌ನ ಪ್ರತಿಮೆಯ ಹಿಂದಿರುವುದು ಹೊಸ ಶಸ್ತ್ರಾಗಾರ, ಅದು ರಾಷ್ಟ್ರೀಯ ಮ್ಯೂಸಿಯಂನದ್ದು. ಅದನ್ನು ದಾಟಿ ಇನ್ನೂ ಸ್ವಲ್ಪ ಮುಂದೆ ಹೋದರೆ ಹಳೇ ಶಸ್ತ್ರಾಗಾರ. ಅದರ ಒಂದು ಭಾಗದಲ್ಲಿ ರಾಷ್ಟ್ರೀಯ ಮ್ಯೂಸಿಯಂನ ಪುರಾತತ್ವ ವಿಭಾಗ ಇದೆ, ಇನ್ನೊಂದು ಭಾಗದ್ದು ನಿಮಗೆ ಬೇಕಾದ್ದು. ಬಾಗಿಲಲ್ಲಿ ಕೇಳಿಯೇ ಟಿಕೆಟ್ ತೆಗೆದುಕೊಳ್ಳಿ, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಎಲ್ಲವನ್ನೂ ನೋಡುತ್ತೇನೆ ಅಂತ ಹಟ ಬೇಡ. ಒಂದು ಕೋಣೆಯಲ್ಲಿ ಎರಡು ವಸ್ತು ಆರಿಸಿಕೊಳ್ಳಿ. ಯಾವುದರಿಂದ ಮಾಡಿದ್ದು, ಯಾವ ಕಡೆ ಸವೆದಿದೆ, ಎಲ್ಲಿ ರಿಪೇರಿ ಆಗಿದೆ, ಇಷ್ಟು ನೋಡಿ ಮುಂದೆ ಹೋಗಿ. ಗಂಟೆಗೊಮ್ಮೆ ಕೂತು ಸುಧಾರಿಸಿಕೊಳ್ಳಿ. ಮಧ್ಯಾಹ್ನ ಊಟ ಮಾಡಿ, ಕಾಲಲ್ಲಿ ಶಕ್ತಿ ಇದ್ದರೆ ಸಂತ ಮೈಕೇಲರ ಚರ್ಚಿನ ಮ್ಯೂಸಿಯಂಗೆ ಟ್ಯಾಕ್ಸಿಯಲ್ಲಿ ಹೋಗಿ ಕೆಥೆಡ್ರಲ್ ನಿಧಿ ನೋಡಿ. ಗುಡ್ಡದ ಮೇಲಿನ ಕೋಟೆಗೆ ಕಲ್ಲುಹಾಸಿನ ಏರುದಾರಿ, ಅದನ್ನು ಮಗಳಿಗೆ ಬಿಡಿ.

ಪ್ರದರ್ಶನಗಳು ಬದಲಾಗುತ್ತಲೇ ಇರುತ್ತವೆ, ಹೋಗುವ ಹಿಂದಿನ ದಿನ ಮಗಳಿಗೆ ಹೇಳಿ ಮ್ಯೂಸಿಯಂ ವೆಬ್‌ಸೈಟ್ ನೋಡಿಸಿ. ಸೋಮವಾರ ರಜೆ. ತಿಂಗಳ ಕೊನೆಯ ಭಾನುವಾರ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲದೆ ಬಿಡುವ ಪದ್ಧತಿ ಇದೆ, ಆದರೆ ಅವತ್ತು ಜನ ಜಾಸ್ತಿ ಇರುತ್ತಾರೆ. ನಿಮಗೆ ನಿಧಾನಕ್ಕೆ ನೋಡಬೇಕಾದರೆ ಬುಧವಾರವೋ ಗುರುವಾರವೋ ಬೆಳಿಗ್ಗೆ ಹೋಗಿ.